ಮಂಜನ ಲೂಪು, ನನ್ನ ಹೊಟ್ಟೆಯುರಿ

ಕೋವಿಡ್ ಮುಗಿದು ಎಲ್ಲರೂ ಆಫೀಸಿಗೆ ಮರಳಿದ ವರ್ಷ ನಾನು ಪೀಣ್ಯದ ಒಂದು ಯಂತ್ರ ಕಂಪನಿಯಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಬಾಟಲಿಯ ಮುಚ್ಚಳ ಸೊಟ್ಟಗಿದೆಯೇ ಎಂದು ಕ್ಯಾಮೆರಾದಿಂದ ನೋಡಿ, ಸೊಟ್ಟಗಿದ್ದರೆ ಬೆಲ್ಟಿನಿಂದ ಆಚೆ ತಳ್ಳುವ ಯಂತ್ರ ನಮ್ಮದು. ಮಂಜುನಾಥನೂ ನಾನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಖಾಲಿಯಿದ್ದ ಟೀಮ್ ಲೀಡ್ ಹುದ್ದೆ ಮಾತ್ರ ಒಂದೇ.

ಅತ್ತಿಬೆಲೆಯ ಜ್ಯೂಸ್ ಕಾರ್ಖಾನೆಯವರು ಬೆಲ್ಟಿನ ವೇಗ ಹೆಚ್ಚಿಸಿದಾಗ ನಮ್ಮ ಯಂತ್ರ ಹಿಂದೆ ಬಿತ್ತು. ಮುಚ್ಚಳದ ಲೆಕ್ಕ ಮುಗಿಯುವಷ್ಟರಲ್ಲಿ ಬಾಟಲಿಯೇ ಮುಂದೆ ಹೋಗಿಬಿಡುತ್ತಿತ್ತು. "ಇದನ್ನ ಯಾರು ಸರಿ ಮಾಡ್ತೀರೋ ಅವರೇ ಲೀಡು," ಎಂದರು ಮ್ಯಾನೇಜರ್.

ಆ ಕೋಡನ್ನು ಸಿ ಭಾಷೆಯಲ್ಲಿ ಬರೆದವಳು ನಾನೇ. ಮುಚ್ಚಳದ ಮೇಲಿನ ಸಾವಿರಾರು ಬಿಂದುಗಳಲ್ಲಿ ಪ್ರತಿಯೊಂದಕ್ಕೂ ಒಂದು ಸ್ಟ್ರಕ್ಚರ್: ಎತ್ತರ, ಬಣ್ಣ, ಹೊಳಪು, ಸಮಯ ಎಲ್ಲ ಒಂದೇ ಗಂಟಿನಲ್ಲಿ. ಗಿರಾಕಿ ಹೊಸದೇನಾದರೂ ಕೇಳಿದರೆ ಅದೇ ಗಂಟಿಗೆ ಇನ್ನೊಂದು ಫೀಲ್ಡ್ ತುರುಕುವುದು ನಮ್ಮ ಆಫೀಸಿನ ಪದ್ಧತಿ. ನಾನು ಪ್ರತಿ ಬಿಂದುವಿಗೂ ಒಂದು ಸುತ್ತು ಹಾಕುವ ಲೂಪಿನೊಳಗೆ ಮತ್ತೆ ಮತ್ತೆ ನಡೆಯುತ್ತಿದ್ದ ಲೆಕ್ಕಗಳನ್ನು ಹೊರಗೆ ತಂದೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಆಯ್ಕೆಗಳನ್ನೆಲ್ಲ ಬದಲಿಸಿ ನೋಡಿದೆ. ವೇಗ ಹೆಚ್ಚೇನೂ ದಕ್ಕಲಿಲ್ಲ.

ಸೊಟ್ಟ ಕಂಡುಹಿಡಿಯುವ ಲೂಪಿಗೆ ಬೇಕಾದದ್ದು ಎತ್ತರ ಮಾತ್ರ; ಮಂಜ ಅದನ್ನಷ್ಟೇ ಬಿಡಿಸಿ ಅರೇ ಎಂಬ ಬೇರೆ ಪಟ್ಟಿಯಲ್ಲಿ ಸಾಲಾಗಿ ಇಟ್ಟ. ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ. ಅಕ್ಕಪಕ್ಕದ್ದನ್ನೂ ಬಾಚಿಕೊಂಡು ಕ್ಯಾಶ್ ಎಂಬ ಹತ್ತಿರದ ಜಾಗಕ್ಕೆ ತರುತ್ತದೆ. ನನ್ನ ಗಂಟಿನಿಂದ ಬಾಚಿದ್ದರಲ್ಲಿ ಬಹುಪಾಲು ಆ ಲೂಪಿಗೆ ಬೇಡದ್ದು. ಅವನ ಸಾಲಿನಿಂದ ಬಂದದ್ದೆಲ್ಲ ಬೇಕಾದದ್ದೇ. ಆಫೀಸಿನಲ್ಲಿ ಓಡಿಸಿ ನೋಡಿದಾಗ ಯಂತ್ರ ಬೆಲ್ಟಿನ ಹೊಸ ವೇಗಕ್ಕೆ ಸಮವಾಗಿ ಓಡಿತು. ಎಲ್ಲರೂ ಅವನ ಕೈ ಕುಲುಕಿದರು. ನನಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ? ಹೊಳೆದದ್ದಾದರೂ ಯಾರಿಗೆ, ಕೀಬೋರ್ಡಿನ ಮೇಲೆ ಚುರುಮುರಿ ಚೆಲ್ಲಿಕೊಳ್ಳುವ ಈ ಮಂಜನಿಗೆ.

ತಪ್ಪು ಹುಡುಕಲೆಂದೇ ಅವನ ಕೋಡನ್ನು ಸಾಲು ಬಿಡದೆ ಓದಿದೆ. ಸಿಕ್ಕಿತು. ಬೆಳಕು ಬಿದ್ದು ಅಳತೆ ಕೆಟ್ಟ ಬಿಂದುಗಳನ್ನು ಸ್ಟ್ರಕ್ಚರುಗಳ ಸಾಲಿನಿಂದ ತೆಗೆದಿದ್ದ; ಎತ್ತರದ ಸಾಲಿನಿಂದ ತೆಗೆಯಲು ಮರೆತಿದ್ದ. ಹಾಗೇ ಬಿಟ್ಟಿದ್ದರೆ ಕಾರ್ಖಾನೆಯ ಪ್ರಖರ ದೀಪದ ಕೆಳಗೆ ನೆಟ್ಟಗಿನ ಮುಚ್ಚಳವೂ ಸೊಟ್ಟ ಎಂದೇ ಬರುತ್ತಿತ್ತು.

ಅತ್ತಿಬೆಲೆಗೆ ಪರೀಕ್ಷೆಗೆ ಹೊರಡುವ ಬೆಳಿಗ್ಗೆ ಎಲ್ಲರೆದುರು ಕೇಳಿದೆ: "ಮಂಜು, ಇಲ್ಲಿ ಡಿಲೀಟ್ ಮಾಡಿದೀಯ, ಅಲ್ಲಿ ಯಾಕೆ ಮಾಡಿಲ್ಲ?" ಅವನ ಮುಖ ಬಾಡುವುದನ್ನು ನೋಡಲು ಕಾದೆ.

"ಅಯ್ಯೋ, ಹೌದಲ್ವಾ. ಬಚಾವ್ ಮಾಡ್ದೆ ಕಣೇ ಶೈಲಾ," ಎಂದು ಅಲ್ಲೇ ಕೂತು ತಿದ್ದಿದ. ಯಂತ್ರ ಪಾಸಾಯಿತು. ಸಾಲದ್ದಕ್ಕೆ ಗಿರಾಕಿಯ ಮುಂದೆ, "ಇವಳು ನೋಡದೇ ಇದ್ದಿದ್ರೆ ನಾವು ಮುಳುಗ್ತಿದ್ವಿ ಸಾರ್," ಎಂದ. ಸ್ವಲ್ಪ ಜಂಭವಾದರೂ ಪಟ್ಟಿದ್ದರೆ ಮನಸಾರೆ ಬೈದುಕೊಳ್ಳಬಹುದಿತ್ತು. ಲೀಡ್ ಅವನೇ ಆದ.

ಆದ ವಾರವೇ ತನ್ನ ಹೊಸ ಕೋಡನ್ನು ಪರಿಶೀಲನೆಗೆ ನನಗೇ ಕಳಿಸಿದ. "ನಾನೇ ಯಾಕೆ ನೋಡ್ಬೇಕು?" ಎಂದು ರೇಗಿದೆ.

"ಮಿಕ್ಕವರು ಚೆನ್ನಾಗಿದೆ ಅಂದ್ಬಿಡ್ತಾರೆ. ನಿನ್ನಷ್ಟು ಹೊಟ್ಟೆ ಉರ್ಕೊಂಡು ಯಾರೂ ಓದಲ್ಲ ಕಣೇ."

ವೃತ್ತಿ ನನಗೆ ಕಲಿಸಿದ್ದು ಅದನ್ನೇ: ಕೋಡನ್ನು ನಿಮ್ಮನ್ನು ಮೆಚ್ಚುವವರಿಗೆ ತೋರಿಸಬೇಡಿ, ಕರುಬುವವರಿಗೆ ತೋರಿಸಿ. ನನ್ನದನ್ನು ಅಷ್ಟು ಕರುಬಿ ಓದುವವರು ಮಾತ್ರ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅದರಲ್ಲೂ ಮಂಜನೇ ಅದೃಷ್ಟವಂತ.