ಗೇಣುದ್ದ ಗಿಡ್ಡವಾದ ಎಡತೋಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಮುಖಕ್ಕೆ ಹೊಡೆದಂತೆ ಸುಳ್ಳು ಎಂದದ್ದೂ ಇದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಸೌದಿಯ ಜಿದ್ದಾ ನಗರದ ಶರಫಿಯಾ ಪೇಟೆಯಲ್ಲಿ ಭಟ್ಕಳದವರೊಬ್ಬರ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದೆ. ಕಟಿಂಗ್ ಮಾಡುತ್ತಿದ್ದವರು ಚೀನಾದ ಮುದುಕರು, ಎಲ್ಲರ ಬಾಯಲ್ಲೂ ಸೀನಿ ಚಾಚಾ; ಅರಬ್ಬಿಯಲ್ಲಿ ಸೀನಿ ಎಂದರೆ ಚೀನಾದವ. ಇಪ್ಪತ್ತರ ಪ್ರಾಯದಲ್ಲಿ ಹಜ್‌ಗೆ ಬಂದಿದ್ದರಂತೆ. ಅಷ್ಟರಲ್ಲಿ ಅವರ ದೇಶದ ಆಡಳಿತ ಬದಲಾಗಿ ಹಿಂದಿರುಗುವ ದಾರಿಯೇ ಮುಚ್ಚಿತು. ಊರಲ್ಲಿ ಏಳು ವರ್ಷದ ತಮ್ಮ ಉಳಿದುಬಿಟ್ಟ.

ಪ್ರತಿ ಈದ್‌ಗೂ ಚಾಚಾ ಆ ತಮ್ಮನಿಗೊಂದು ಅಂಗಿ ಹೊಲಿದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅಳತೆ ಎಲ್ಲಿಂದ ಬರಬೇಕು? ಅಂದಾಜಿನ ಮೇಲೆಯೇ ವರ್ಷವರ್ಷವೂ ದೊಡ್ಡದು ಮಾಡುತ್ತ ಬಂದಿದ್ದರು. ಚೀನಾ ಹೊರಲೋಕಕ್ಕೆ ಬಾಗಿಲು ತೆರೆದ ಮೇಲೆ ಕಾಗದಗಳು ಬಂದವು. ಆ ವರ್ಷ ತಮ್ಮ ತಾನೇ ಹಜ್‌ಗೆ ಬರುತ್ತೇನೆಂದು ಬರೆದ. ತನ್ನ ಕೈಯಾರೆ ಹೊಲಿದ ಅಂಗಿಯನ್ನು ಅವನಿಗೆ ತೊಡಿಸಬೇಕು. ಚಾಚಾಗೆ ಬೇರೆ ಆಸೆ ಉಳಿದಿರಲಿಲ್ಲ.

ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳ ಒಂದು ಮಧ್ಯಾಹ್ನ, ಈದ್ ಗಿರಾಕಿಗಳ ಗಲಾಟೆಯ ನಡುವೆ ಅವರು ಆ ಅಂಗಿ ಕತ್ತರಿಸಿದರು. ಎಡತೋಳು ಒಂದು ಗೇಣು ಗಿಡ್ಡ! ಕಣ್ಣು ಕಾಣುವುದಿಲ್ಲವೇ ಎಂದು ನನ್ನ ಹರುಕುಮುರುಕು ಹಿಂದಿಯಲ್ಲಿ ರೇಗಿದೆ.

"ಕತ್ತರಿ ಅಲ್ಲೇ ನಿಂತಿತು," ಎಂದರು. ಅಷ್ಟೇ.

ಪಾಪ, ಮುದುಕರ ಮರ್ಯಾದೆ ಹೋಗಬಾರದೆಂದು, ಅವರು ನಮಾಜಿಗೆ ಹೋದಾಗ ಅದೇ ಬಟ್ಟೆಯ ತುಂಡು ಜೋಡಿಸಿ ತೋಳು ಸರಿಮಾಡಿಟ್ಟೆ.

ಹಜ್ ಮುಗಿಸಿ ತಮ್ಮ ಅಂಗಡಿಗೆ ಬಂದ. ಎಡಗೈ ಮೊಣಕೈಗಿಂತ ಎರಡು ಬೆರಳು ಕೆಳಗೆ ತುಂಡಾಗಿತ್ತು. ಅಣ್ಣ ನೊಂದುಕೊಂಡಾನೆಂದು ಕಾಗದದಲ್ಲಿ ಬರೆದಿರಲಿಲ್ಲವಂತೆ.

ಅವನ ಮಾತನ್ನು ಚಾಚಾ ನಮಗೆ ತಿಳಿಸುತ್ತಿದ್ದರು. ಸರ್ಕಾರ ಮುಚ್ಚಿಸಿ ದವಸ ತುಂಬಿಟ್ಟಿದ್ದ ಮಸೀದಿ ಮತ್ತೆ ತೆರೆದಿದೆ. ಎಲ್ಲರೂ ಒಟ್ಟಿಗೆ ಗೇಯುತ್ತಿದ್ದ ಗದ್ದೆ ಮನೆಮನೆಗೆ ಹಂಚಿಹೋಗಿದೆ. ಊರಿಗೆ ಟೀವಿ ಬಂದಿದೆ. ಹೊರದೇಶಕ್ಕೆ ಮಾಲು ಕಳಿಸುವ ಹೊಸ ಉಣ್ಣೆ ಕಾರ್ಖಾನೆ ಬಂದಿದೆ. ಕೈ ಹೋದದ್ದು ಅಲ್ಲಿಯೇ, ಅದೇ ಶಾಬಾನ್ ತಿಂಗಳಲ್ಲಿ. ಮಾಲೀಕ ಕೊಟ್ಟದ್ದೇನು ಗೊತ್ತೇ? ಒಂದು ಕೈಗಡಿಯಾರ. ಕೈ ಕಳೆದುಕೊಂಡವನಿಗೆ ಕೈಗಡಿಯಾರ! ಬಲಗೈಗೆ ಕಟ್ಟಿಕೊಂಡು ಹೆಮ್ಮೆಯಿಂದ ತೋರಿಸಿದ ಅವನು. ನನ್ನ ಮೈ ಉರಿದುಹೋಯಿತು. ಆ ಬಾಗಿಲು ತೆರೆಯದಿದ್ದರೆ ಅವನು ಅಣ್ಣನನ್ನು ಕಾಣುತ್ತಲೇ ಇರಲಿಲ್ಲ, ಒಪ್ಪುತ್ತೇನೆ. ಅದಕ್ಕೆ ಕೈಯನ್ನು ಸುಂಕವಾಗಿ ಕೊಡಬೇಕೇ? ವೀಸಾ ಕೊಟ್ಟು ಕರೆಸಿಕೊಂಡ ಅರಬ್ಬಿ ಯಜಮಾನ, ಕಫೀಲನ ಕೈಯಲ್ಲಿ ಪಾಸ್‌ಪೋರ್ಟ್ ಇಟ್ಟು ದುಡಿಯುವ ನನ್ನ ಕೈ ಹೋದರೂ ಸಿಗುವುದು ಇಷ್ಟೇ ಅಲ್ಲವೇ?

ಚಾಚಾ ಅಂಗಿ ತೊಡಿಸಿದರು. ಎದೆ, ಭುಜ ಎಲ್ಲ ಅಚ್ಚುಕಟ್ಟು. ಎಡತೋಳು ಮಾತ್ರ ಬರಿದಾಗಿ ಜೋತುಬಿತ್ತು. ಅವರು ನನ್ನ ಹೊಲಿಗೆಯನ್ನು ಬಿಚ್ಚಿದರು. ಉಳಿದ ತೋಳು ಮೋಟುಗೈಗೆ ಸರಿಯಾಗಿ ಕೂತಿತು.

ರೂಮಿನ ಗೆಳೆಯನಿಗೆ ಹೇಳಿದರೆ, "ಎಂತದೂ ಇಲ್ಲ ಮಾರಾಯ, ಮುದುಕನ ಕೈ ತಪ್ಪಿದ್ದು," ಎಂದ. ಇರಬಹುದು. ಬಿಚ್ಚಿದ ತುಂಡು ಇಂದಿಗೂ ನನ್ನಲ್ಲಿದೆ. ಅಷ್ಟು ದೂರದ ಕತ್ತರಿಗೆ ಹೇಗೆ ತಿಳಿಯಿತೋ, ನನಗೆ ಗೊತ್ತಿಲ್ಲ. ಅದಕ್ಕೆ ತಿಳಿದದ್ದು ಎದುರಿಗೇ ನಿಂತು ಕೈಗಡಿಯಾರ ಕೊಟ್ಟ ಕಾರ್ಖಾನೆಯ ಮಾಲೀಕನಿಗೆ ಯಾಕೆ ತಿಳಿಯಲಿಲ್ಲ ಎಂಬುದೂ ಗೊತ್ತಿಲ್ಲ.