ಆ ಪ್ರೂಫಿನ ಮೂಲೆಯಲ್ಲಿದ್ದ ಸಹಿ ಸೆಲ್ವಿಯದಲ್ಲ

ಬೆಳಿಗ್ಗೆ ಭದ್ರಾವತಿಯ ಕಾಗದನಗರದಿಂದ ಫೋನ್ ಬಂತು.
"ಸೆಲ್ವಿ ಹೋಗ್ಬಿಟ್ಲು ಕಣೋ" ಅಂದರು.
"ಎಲ್ಲಿಗೆ?" ಅಂತ ಕೇಳಿದೆ...
ನಿಜವಾಗಿಯೂ ಹಾಗೇ ಕೇಳಿದೆ.

ಮೊನ್ನೆ ಭಾನುವಾರ ಮಾತಾಡಿದ್ದಳು. ನಲವತ್ತೆರಡು ವರ್ಷ. ಹಾರ್ಟ್ ಅಟ್ಯಾಕ್ ಅಂತೆ...
ಇನ್ನೂ ತಲೆಗೆ ಹೋಗುತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಸೆಲ್ವಿ ಪ್ರೂಫ್ ರೀಡರ್. ನಾನು ಅಲ್ಲೇ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದೆ. ಆ ಪತ್ರಿಕೆ ಈಗಿಲ್ಲ.
ಅವಳ ಅಪ್ಪ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಕಾರ್ಮಿಕರು. ಮನೆಯಲ್ಲಿ ತಮಿಳು. ಆದರೆ ಆಫೀಸಿನಲ್ಲಿ ಅವಳಷ್ಟು ಚೆಂದದ ಕನ್ನಡ ಯಾರಿಗೂ ಬರುತ್ತಿರಲಿಲ್ಲ... ಸಂಪಾದಕರಿಗೂ.
ದಿನಾ ಭದ್ರಾವತಿ ಬಸ್ಸಿನಲ್ಲಿ ಬರುವಳು. ಡಬ್ಬಿಯಲ್ಲಿ ಪುಳಿಯೋಗರೆ ಇದ್ದರೆ ಅರ್ಧ ನನಗೆ.
"ತಿನ್ನು ಮಾರಾಯ, ನೀನು ತಿನ್ನೋದು ನೋಡಿದ್ರೇ ನಂಗೆ ಹೊಟ್ಟೆ ತುಂಬುತ್ತೆ" ಅನ್ನುವಳು.

ಫೋಟೋ ಹಾಕಿ, ಕೈಮುಗಿದು, ಇಲ್ಲಿಗೇ ನಿಲ್ಲಿಸಬಹುದಿತ್ತು...
ನಿಲ್ಲಿಸುವುದಿಲ್ಲ.

ಯಾಕೆಂದರೆ ಇದೇ ಗ್ರೂಪಿನಲ್ಲಿ, ಅವಳ ಫೋಟೋದ ಕೆಳಗೆ, ನಮ್ಮ ಹಳೆಯ ಸಹೋದ್ಯೋಗಿಯೊಬ್ಬರು ಕಾಮೆಂಟ್ ಹಾಕಿದ್ದಾರೆ. "ಅಷ್ಟು ಗಲಾಟೆಯಾದ ಆ ಅಂಕಣವನ್ನೂ ತಾನೇ ಓದಿ ಸಹಿ ಹಾಕಿದ್ದ ಹುಡುಗಿ. ಈಗಿನವರ ಹಾಗೆ ಎಲ್ಲಕ್ಕೂ ಕೆರಳುತ್ತಿರಲಿಲ್ಲ."

ಕೆರಳಿದ್ದಳು ಸಾರ್.
ನೀವು ಅವತ್ತು ರಜೆಯಲ್ಲಿದ್ದಿರಿ. ನಾನು ಅಲ್ಲೇ ಇದ್ದೆ.

ಭಾನುವಾರದ ಪುರವಣಿಯ ಅಂಕಣ ಅದು. ಮೂಗು, ಮೈಬಣ್ಣ ನೋಡಿದರೆ ಮನುಷ್ಯನ ಜನಾಂಗ ತಿಳಿಯುತ್ತದೆ, ಜನಾಂಗ ತಿಳಿದರೆ ಬುದ್ಧಿ ತಿಳಿಯುತ್ತದೆ ಅಂತ ಶುರು. ಕಾರ್ಖಾನೆ ಊರಿಗೆ ಬಂದು ನೆಲೆಸಿದ ಕಪ್ಪು ಜನ ದುಡಿಯಲಿಕ್ಕೆ ಹುಟ್ಟಿದವರು, ಯೋಚಿಸಲಿಕ್ಕಲ್ಲ ಅಂತ ಕೊನೆ. ಭದ್ರಾವತಿಯ ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿತ್ತು. ಪ್ರೂಫ್ ಹಾಳೆಯ ಮೂಲೆಯಲ್ಲಿ ಓದಿದವರ ಸಹಿ ಇಲ್ಲದೆ ಯಾವ ಪುಟವೂ ಪ್ರೆಸ್ಸಿಗೆ ಹೋಗುವಂತಿಲ್ಲ. ಪೂರ್ತಿ ಸಹಿ ಬೇಡ, ಒಂದು ಅಕ್ಷರ ಸಾಕು. ಅವಳದು "ಸೆ".

ಶುಕ್ರವಾರ ಮಧ್ಯಾಹ್ನ ಸೆಲ್ವಿ ಇಡೀ ಪುಟ ಓದಿದಳು. ಮೂಲೆಯನ್ನು ಖಾಲಿ ಬಿಟ್ಟು ಸಂಪಾದಕರ ಮೇಜಿನ ಮೇಲೆ ಇಟ್ಟಳು.
"ಇದಕ್ಕೆ ನಾನು ಹಾಕಲ್ಲ ಸಾರ್."
"ಅದು ಅಂಕಣಕಾರರ ಅಭಿಪ್ರಾಯ ಕಣಮ್ಮ. ಪತ್ರಿಕೆ ಹೊಣೆ ಅಲ್ಲ."
"ಪತ್ರಿಕೇನೇ ಹೊಣೆ ಅಲ್ಲ ಅಂದ್ಮೇಲೆ ನನ್ನ ಸಹಿ ಯಾಕೆ ಬೇಕು ಸಾರ್?"
ಸಂಪಾದಕರು ಫೋನ್ ಎತ್ತಿಕೊಂಡರು... ಯಾರಿಗೂ ಡಯಲ್ ಮಾಡಲಿಲ್ಲ.
ಸೆಲ್ವಿ ಬ್ಯಾಗ್ ತಗೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು.

"ಪುಟ ಕಳಿಸಪ್ಪ, ಪ್ರೆಸ್ನವ್ರು ಕಾಯ್ತಿದಾರೆ" ಅಂದರು ನನಗೆ. ಅಷ್ಟೇ ಅಂದದ್ದು.
ಉಳಿದದ್ದನ್ನು ನಾನೇ ಮಾಡಿದೆ.
ಪೆನ್ ತೆಗೆದು ಮೂಲೆಯಲ್ಲಿ "ಸೆ" ಅಂತ ಬರೆದೆ.
ಅವಳ ಕೆಲಸ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಂಥ ಪೆದ್ದ ನಾನು...

ಸೋಮವಾರ ಕಾಗದನಗರದಿಂದ ನಾಲ್ಕು ಜನ ಕೇಳಲಿಕ್ಕೆ ಬಂದರು. ಅವರಲ್ಲಿ ಸೆಲ್ವಿಯ ಅಪ್ಪನೂ ಒಬ್ಬರು. ಪುರವಣಿಯನ್ನು ನೀಟಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು.
"ಪೇಪರ್ ನಾವು ಮಾಡ್ತೀವಿ ಸಾರ್. ಅದ್ರ ಮೇಲೇ ನಮ್ಮನ್ನ ಹಿಂಗೆ ಬರೀತೀರಲ್ಲ" ಅಂದರು. ದನಿ ಏರಿಸಲಿಲ್ಲ.
ಸಂಪಾದಕರು ಫೈಲಿನಿಂದ ಪ್ರೂಫ್ ತೆಗೆದು ಮೂಲೆ ತೋರಿಸಿದರು.
"ನೋಡಿ, ನಿಮ್ಮ ಹುಡುಗೀನೇ ಓದಿ ಪಾಸ್ ಮಾಡಿದಾಳೆ. ಅವಳಿಗಿಲ್ಲದ ನೋವು ನಿಮಗ್ಯಾಕೆ?"

ಸೆಲ್ವಿ... ಅಲ್ಲೇ ಇದ್ದ ನೀನು ಆ ಹಾಳೆ ನೋಡಿದೆ.
ಆಮೇಲೆ ನನ್ನ ಕಡೆ ನೋಡಿದೆ.
ನಾನು ಕೀಬೋರ್ಡ್ ನೋಡಿದೆ.
ಸಹಿ ನನ್ನದಲ್ಲ ಅಂತ ನೀನು ಒಂದು ಮಾತು ಹೇಳಿದ್ದರೆ ನಿನ್ನ ಅಪ್ಪನ ಮುಂದೆ ನಿನ್ನ ಹೆಸರು ಉಳಿಯುತ್ತಿತ್ತು. ನೀನು ಹೇಳಲಿಲ್ಲ. ಬದಲಿಗೆ ಸಂಪಾದಕರಿಗೆ ಹೇಳಿದೆ. "ಸಹಿ ಯಾರ್ದು ಅನ್ನೋದು ಆಮೇಲೆ ಸಾರ್. ಬರೆದಿರೋದು ಸುಳ್ಳು ಅಂತ ಈಗ ನಾನು ಬರ್ದು ಕೊಡ್ತೀನಿ. ಅದೇ ಜಾಗದಲ್ಲಿ ಹಾಕ್ತೀರಾ?"
ಹಾಕಲಿಲ್ಲ. ನೀನು ಮಾರನೇ ದಿನದಿಂದ ಬರಲಿಲ್ಲ.

ಅವತ್ತು ಸಂಜೆ ನಾನು ಬಸ್ ಸ್ಟ್ಯಾಂಡಿಗೆ ಓಡಿ ಬಂದು ಕೇಳಿದ್ದೆ, ಯಾಕೆ ಹೇಳಲಿಲ್ಲ ಅಂತ.
"ಹೇಳಿದ್ರೆ ನಿನ್ನ ಕೆಲ್ಸ ಹೋಗ್ತಿತ್ತು. ನಾನು ಹೆಂಗೂ ಬಿಡ್ತಿದೀನಿ. ಅದನ್ನ ಹೇಳ್ಬೇಕಾದೋನು ನೀನು ಮಾರಾಯ. ಯಾವತ್ತಾದ್ರೂ ಹೇಳು" ಅಂದೆ ನೀನು.
ಆಮೇಲೆ ಎಷ್ಟೋ ಭಾನುವಾರ ನೀನು ಫೋನ್ ಮಾಡಿದೆ. ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳಿಕೊಡುವ ಸುದ್ದಿ, ಬೆಲ್ಲದ ಕಾಫಿಯ ಸುದ್ದಿ... ಈ ವಿಷಯ ಮಾತ್ರ ಮತ್ತೆ ಎತ್ತಲೇ ಇಲ್ಲ.
ನಾನು ನಾಳೆ ನಾಳೆ ಅಂತ ಹನ್ನೆರಡು ವರ್ಷ ತಳ್ಳಿದೆ. ನೀನು ಇಷ್ಟು ಬೇಗ ಹೋಗುತ್ತೀ ಅಂತ ಯಾರಿಗೆ ಗೊತ್ತಿತ್ತು...

ಹಾಗಾಗಿ ಕೇಳಿ ಎಲ್ಲರೂ.
ಆ ಸಹಿ ನನ್ನದು. ಅವಳ ಅಕ್ಷರವನ್ನು ಕದ್ದು ಹಾಕಿದವನು ನಾನು.
"ಅವಳೇ ಒಪ್ಪಿದ್ದಳು" ಅಂತ ಇನ್ನು ಯಾರೂ ಆ ಅಂಕಣಕ್ಕೆ ಅವಳನ್ನು ಸಾಕ್ಷಿ ಮಾಡಬೇಡಿ. ಅದು ಬರೀ ಅಭಿಪ್ರಾಯ ಅನ್ನುವವರು ಇದ್ದರೆ ಕೆಳಗೆ ಬರೆಯಿರಿ... ಪೂರ್ತಿ ಹೆಸರು ಹಾಕಿ ಬರೆಯಿರಿ. ಉತ್ತರ ಕೊಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಈ ಪೋಸ್ಟ್ ಮಾತ್ರ ಅಳಿಸುವುದಿಲ್ಲ.

ಇದನ್ನು ಪ್ರಿಂಟ್ ತೆಗೆದುಕೊಂಡು ಈಗ ಭದ್ರಾವತಿ ಬಸ್ ಹತ್ತುತ್ತಿದ್ದೇನೆ. ಅವಳ ಅಪ್ಪ ಇದ್ದಾರೆ. ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲವಂತೆ.
ನಾನೇ ಓದಿ ಹೇಳುತ್ತೇನೆ.

ಹೋಗಿ ಬಾ ಸೆಲ್ವಿ.
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ...
ನಮಗೆ ಆ ನೆಮ್ಮದಿ ಇಷ್ಟು ಬೇಗ ಬೇಡ.

ಸಹಿ:
ಎಚ್. ರವೀಂದ್ರ, ವಿದ್ಯಾನಗರ, ಶಿವಮೊಗ್ಗ