ಚಿಕ್ಕಮ್ಮ ಬಿಟ್ಟ ಸಾಲು

ನಮ್ಮ ಚಿಕ್ಕಮ್ಮ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಕುರ್ಚಿಯಲ್ಲಿ ಒರಗಿದವರ ಕೊರಳಿಗೆ ಕಾಗದದ ಟವೆಲ್ ಸಿಕ್ಕಿಸಿ "ಸ್ವಲ್ಪಾನೂ ನೋವಾಗಲ್ಲ" ಎನ್ನುವುದೇ ಅವಳ ಅರ್ಧ ಕೆಲಸ. ನೋವಾಗುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಅವಳ ಮಾತಿಗೆ ಬಾಯಿ ತೆರೆಯುತ್ತಾರೆ. ನಾನೂ ತೆರೆದು ಎರಡು ಹಲ್ಲು ಕಳೆದುಕೊಂಡಿದ್ದೇನೆ.

ಅವಳ ಅಣ್ಣ, ಅಂದರೆ ನನ್ನ ಮಾವ, ಹುಟ್ಟು ಕಿವುಡ. ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತಾನೆ. ತುಟಿಗಳ ನಡುವೆ ಸಣ್ಣ ಮೊಳೆ ಕಚ್ಚಿಕೊಂಡೇ ಗಿರಾಕಿಗಳ ಜತೆ ಕೈಯಲ್ಲಿ ಚೌಕಾಸಿ ಮಾಡುವ ಗಟ್ಟಿ ಆಸಾಮಿ. ಚಿಕ್ಕಂದಿನಿಂದಲೂ ಅವನಿಗೆ ಕಿವಿ, ಬಾಯಿ ಎರಡೂ ಚಿಕ್ಕಮ್ಮನೇ. ಮಸೀದಿಯಲ್ಲಿ ವಾರಕ್ಕೊಮ್ಮೆ ಮೌಲವಿ ಕುರಾನಿನ ಅರ್ಥ ಹೇಳುವಾಗ ಗೋಡೆಗೆ ಒರಗಿ ನಿಂತು, ಅದನ್ನೆಲ್ಲ ಅವನಿಗೆ ಕೈಸನ್ನೆಯಲ್ಲಿ ದಾಟಿಸುತ್ತಿದ್ದಳು.

ಒಂದು ಸಾಲು ಬಂದಾಗ ಮಾತ್ರ ಅವಳಿಗೆ ತಪ್ಪದೆ ಕೆಮ್ಮು. 'ಕಿವುಡರು, ಮೂಕರು, ಕುರುಡರು. ಅವರು ಮರಳಿ ಬರಲಾರರು' ಎಂಬ ಸಾಲು ಅದು. ಕರವಸ್ತ್ರಕ್ಕೆ ಬಾಯೊತ್ತಿ ಕೆಮ್ಮಿ, ಮುಂದಿನ ಸಾಲಿಗೆ ಹಾರಿಬಿಡುತ್ತಿದ್ದಳು.

ಈ ಸಲ ಮಾವ ಅನುವಾದದ ಪುಸ್ತಕ ತಂದಿದ್ದ. ಆ ಸಾಲಿನ ಮೇಲೆ ಬೆರಳಿಟ್ಟು ಅವಳ ಕೈಗಳನ್ನೇ ನೋಡುತ್ತ ಕಾದ. ಕೈಗಳು ಕರವಸ್ತ್ರಕ್ಕೆ ಹೋದವು, ಅದೇ ಕೆಮ್ಮು. ಅವನು ಪುಸ್ತಕ ಮುಚ್ಚಿ ಎದ್ದು ಹೋದ. ಮುಂದಿನ ವಾರ ಬರಲಿಲ್ಲ, ಅದರಾಚೆಯ ವಾರವೂ ಇಲ್ಲ. ತಂಗಿ ಕಂಡರೆ ಬೆನ್ನು ತಿರುಗಿಸುತ್ತಿದ್ದ. ಕಿವುಡ ಬೆನ್ನು ತಿರುಗಿಸಿದರೆ ಅಲ್ಲಿಗೆ ಮಾತು ಮುಗಿಯಿತು. ಅಣ್ಣ ದೇವರನ್ನೂ ತನ್ನನ್ನೂ ಒಟ್ಟಿಗೇ ಬಿಟ್ಟನೇನೋ ಎಂದು ಚಿಕ್ಕಮ್ಮನಿಗೆ ದಿಗಿಲಾಯಿತು. ಅನ್ನ ಸೇರದಾಯಿತು.

ಕೊನೆಗೆ ಮೌಲವಿಯ ಬಳಿ ಹೋಗಿ ಅತ್ತಳು.

"ಅಯ್ಯೋ, ಅದು ಕಿವಿ ಕೇಳಿಸದೇ ಇರೋರ ಮಾತಲ್ಲಮ್ಮ," ಎಂದರು ಅವರು. "ಹಿಂದುಮುಂದು ನೋಡಬೇಕು. ಎದುರಿಗೆ ನಂಬ್ತೀವಿ ಅಂತ ಹೇಳಿ ಆಚೆ ಹೋಗಿ ನಗ್ತಾರಲ್ಲ, ಅವರ ಬಗ್ಗೆ ಅದು. ಮುಂದಿನ ಸಾಲಲ್ಲೇ ಸಿಡಿಲಿಗೆ ಹೆದರಿ ತಮ್ಮ ಕಿವಿಗೆ ತಾವೇ ಬೆರಳಿಟ್ಕೊಳ್ಳೋರು ಬರ್ತಾರೆ. ಕುರಾನಲ್ಲೇ ಇನ್ನೊಂದು ಕಡೆ ಬಿಡಿಸಿಯೇ ಇದೆ, ಕುರುಡಾಗೋದು ಕಣ್ಣಲ್ಲ, ಎದೆಯೊಳಗಿನ ಹೃದಯ ಅಂತ. ರೂಪಕ ಕಣಮ್ಮ! ಇಷ್ಟು ವರ್ಷ ನನ್ನ ಕೇಳೋಕೇನಾಗಿತ್ತು?"

ಅವಳು ಒಂದೇ ಉಸಿರಿಗೆ ಅಣ್ಣನ ಅಂಗಡಿಗೆ ಬಂದಳು. ನಾನು ಅಲ್ಲೇ ಕುರ್ಚಿಗೆ ಬಟ್ಟೆ ಆರಿಸುತ್ತಿದ್ದೆ. ಸೋಫಾ ಸುತ್ತಿ ಬಂದು ಅವನೆದುರು ನಿಂತು ಎಲ್ಲವನ್ನೂ ಕೈಯಲ್ಲಿ ಹೇಳಿದಳು. ಕಿವುಡ ಎನ್ನಲು ಅವರಿಬ್ಬರು ಬಳಸುವ ಸನ್ನೆ ಬಿಟ್ಟು, ಎರಡೂ ಕಿವಿಗೆ ಬೆರಳು ತುರುಕಿ, ಮುಖ ಸಿಂಡರಿಸಿ ಆಚೆ ತಿರುಗಿಸಿ ತೋರಿಸಿದಳು. ಮೌಲವಿಗಿಂತ ಇವಳೇ ವಾಸಿ ಅನ್ನಿಸಿತು.

ಮಾವ ಮೊಳೆಗಳನ್ನು ಅಂಗೈಗೆ ಉಗುಳಿ ಪಕ್ಕಕ್ಕಿಟ್ಟ. ಅವನ ಸನ್ನೆ ನನಗೂ ಅಷ್ಟಿಷ್ಟು ತಿಳಿಯುತ್ತದೆ.

"ಆ ಸಾಲು ನನ್ನದಲ್ಲ ಅಂತ ಓದಿದ ಕೂಡಲೇ ಗೊತ್ತಾಯ್ತು. ಕಿವುಡನ ಮುಂದೆ ಕಿನ್ನರಿ ಅಂತ ಜನ ದಿನಾ ಅಂತಾರೆ, ನಾನೇನು ಅಳ್ತೀನಾ? ಇನ್ನೇನೇನು ಬಿಟ್ಟಿದ್ದೀಯ, ಅದನ್ನ ಹೇಳು."

ಚಿಕ್ಕಮ್ಮನ ಕೈಗಳು ಎತ್ತಿದಲ್ಲೇ ನಿಂತವು.

"ಅಮ್ಮ ಸಾಯೋವಾಗ ನನ್ನ ಹೆಸರು ಹಿಡಿದು ಕರೆದಳು ಅಂದಿದ್ದೆ ನೀನು. ಕರೆದಳಾ?"



"ಇಲ್ಲ," ಎಂದಳು. "ನೀರು ಕೇಳಿದಳು. ಅಷ್ಟೇ."

"ಗೊತ್ತು," ಎಂದ ಮಾವ. "ಕುಡಿಸಿದ್ದು ನಾನೇ."